ಅವಮೌದರ್ಯವೂ ತಪಸ್ಸೇ
ಜಠರದ ಶಸ್ತ್ರಚಿಕಿತ್ಸೆಯಾದವರ ಆಹಾರ ಮತ್ತು ವ್ರತ



ಭಾದ್ರಪದ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಉತ್ಸಾಹ ತಾನಾಗಿಯೇ ಮೂಡುತ್ತದೆ. ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಯಾರು ಎಷ್ಟು ಉಪವಾಸ ಮಾಡಿದರು, ಯಾರು ಹತ್ತು ದಿನವೂ ಏಕಭುಕ್ತದಲ್ಲಿ ನಿಂತರು, ಯಾವ ನೋಂಪಿಯ ಉದ್ಯಾಪನೆ ಯಾರ ಮನೆಯಲ್ಲಿ ನಡೆಯಿತು ಎಂಬ ಮಾತುಗಳು ಬಸದಿಯ ಅಂಗಳದಲ್ಲಿ ಕೇಳಿಬರುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಈ ಸಂತೋಷದ ನಡುವೆ, ಕಂಬದ ಮರೆಯಲ್ಲಿ ತಲೆ ತಗ್ಗಿಸಿ ಕುಳಿತ ಕೆಲವರೂ ಇರುತ್ತಾರೆ. ಅವರು ರೋಗಿಗಳು, ಔಷಧವನ್ನು ಬಿಡಲಾಗದವರು. ತಮ್ಮಿಂದ ಉಪವಾಸವಾಗುತ್ತಿಲ್ಲವಲ್ಲ, ತಾವು ಧರ್ಮಕ್ಕೆ ಹೊರಗಾದೆವೇನೋ ಎಂದು ಒಳಗೇ ಕೊರಗುವವರು. ಇಂತಹವರ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಗುಂಪು ಸೇರಿದೆ. ಅತಿಯಾದ ದೇಹಭಾರವನ್ನೂ ಅದರಿಂದ ಹುಟ್ಟಿದ ಮಧುಮೇಹಾದಿ ರೋಗಗಳನ್ನೂ ನೀಗಿಕೊಳ್ಳಲು ಜಠರವನ್ನೇ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರು ಇವರು. ಇವರ ಆಹಾರವೆಂತು, ವ್ರತವೆಂತು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಮಾಡೋಣ.

ಈ ವಿಷಯವನ್ನೆತ್ತಿಕೊಳ್ಳಲು ನನಗೊಂದು ಕಾರಣವಿದೆ. ಪ್ರಾಯಶ್ಚಿತ್ತದ ಮೊದಲನೆಯ ಭೇದವೇ ಆಲೋಚನೆ, ಅಂದರೆ ತನ್ನ ದೋಷವನ್ನು ಮುಚ್ಚಿಡದೆ ಹೇಳಿಕೊಳ್ಳುವುದು. ಆದುದರಿಂದ ಅದನ್ನು ಹೇಳಿಯೇ ಮುಂದುವರಿಯುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಶ್ರಾವಿಕೆಯೊಬ್ಬರು ಈ ಚಿಕಿತ್ಸೆಯನ್ನು ಮಾಡಿಸಿಕೊಂಡರು. ಆಕೆ ಎಳವೆಯಿಂದಲೂ ಅನಂತ ಚತುರ್ದಶಿಯ ಉಪವಾಸವನ್ನು ತಪ್ಪಿಸಿದವರಲ್ಲ. ಚಿಕಿತ್ಸೆಯಾಗಿ ಮೂರು ತಿಂಗಳಿಗೆ ಭಾದ್ರಪದ ಬಂತು. "ಈ ಸಲವೂ ಒಂದು ಉಪವಾಸವನ್ನಾದರೂ ಮಾಡಲೇ?" ಎಂದು ಆಕೆ ನನ್ನನ್ನು ಕೇಳಿದರು. ನಾನು ವೈದ್ಯರನ್ನು ವಿಚಾರಿಸಲಿಲ್ಲ, ಗ್ರಂಥವನ್ನೂ ನೋಡಲಿಲ್ಲ. "ನಿಮ್ಮ ಊಟವೇ ಈಗ ನಾಲ್ಕು ತುತ್ತು. ನಿಮಗೆ ಉಪವಾಸ ಉಳಿದವರಿಗಿಂತ ಸುಲಭವಾಗಬೇಕಲ್ಲವೆ?" ಎಂದುಬಿಟ್ಟೆ. ಆಕೆ ನೀರನ್ನೂ ತ್ಯಜಿಸಿ ಉಪವಾಸ ಮಾಡಿದರು. ಸಂಜೆಗೇ ತಲೆ ತಿರುಗಿತು. ಮರುದಿನ ಪಾರಣೆಯಲ್ಲಿ ಬಾಯಾರಿಕೆ ತಾಳಲಾರದೆ ಒಮ್ಮೆಗೇ ಒಂದು ಲೋಟ ನೀರು ಕುಡಿದರು. ಅದು ನಿಲ್ಲಲಿಲ್ಲ. ಅನಂತರ ಕುಡಿದುದೆಲ್ಲವೂ ವಾಂತಿಯಾಗಿ, ನಾಲ್ಕನೆಯ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಕೆ ಚೇತರಿಸಿಕೊಂಡರು, ಅದು ಪುಣ್ಯ. ಅಲ್ಲಿನ ವೈದ್ಯರು ನನ್ನನ್ನು ಕೂರಿಸಿಕೊಂಡು ತಿಳಿಸಿದ ಮಾತು ಮಾತ್ರ ಇಂದಿಗೂ ನನ್ನ ಕಿವಿಯಲ್ಲಿದೆ: "ನೀವಾದರೆ ಒಂದು ದಿನ ಬಿಟ್ಟ ನೀರನ್ನು ಮರುದಿನ ಕುಡಿದು ತುಂಬಿಕೊಳ್ಳುತ್ತೀರಿ. ಇವರ ಜಠರಕ್ಕೆ ಆ ಸಾಲವನ್ನು ತೀರಿಸುವ ಶಕ್ತಿಯಿಲ್ಲ."

ಅಂದಿನಿಂದ ಈ ವಿಷಯವನ್ನು ವೈದ್ಯರಿಂದಲೂ ಶಾಸ್ತ್ರದಿಂದಲೂ ಕೇಳಿ ತಿಳಿಯುವ ಪ್ರಯತ್ನ ಮಾಡಿದ್ದೇನೆ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಚಿಕಿತ್ಸೆಯ ಸ್ವರೂಪ

ಜಠರದ ಬೈಪಾಸ್ ಎಂಬ ಕ್ರಮವನ್ನು 1966ರಲ್ಲಿ ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು ಆರಂಭಿಸಿದರು. ಈಗ ಹೆಚ್ಚಾಗಿ ನಡೆಯುವುದು ಎರಡು ವಿಧ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕುದನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯ ಆಕಾರದ ಒಂದು ಕಿರಿದಾದ ಕೊಳವೆಯನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದಕ್ಕೆ ಕರುಳಿನ ಮುಂದಿನ ಭಾಗವನ್ನು ಜೋಡಿಸುತ್ತಾರೆ. ಅನ್ನವು ಕರುಳಿನ ಮೊದಲ ಭಾಗವನ್ನು ಸ್ಪರ್ಶಿಸದೆ ಮುಂದೆ ಸಾಗುತ್ತದೆ. ಆದುದರಿಂದ ತಿಂದುದು ಅಲ್ಪವಾಗುವುದಲ್ಲದೆ, ಅದರಲ್ಲಿನ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಬಿ-12 ಮೊದಲಾದವು ಪೂರ್ಣವಾಗಿ ರಕ್ತಗತವಾಗುವುದಿಲ್ಲ.

ಇಂತಹ ಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದೇ ದೇಹಮೋಹವಲ್ಲವೆ ಎಂದು ಕೇಳುವವರಿದ್ದಾರೆ. ಅವರಿಗೆ ಸಮಂತಭದ್ರಾಚಾರ್ಯರ ಕಥೆಯನ್ನು ನೆನಪಿಸಬಯಸುತ್ತೇನೆ. ದೇವಚಂದ್ರನ ರಾಜಾವಳೀ ಕಥೆಯೇ ಮೊದಲಾದವುಗಳಲ್ಲಿ ಬರುವ ಪರಂಪರೆಯ ಪ್ರಕಾರ, ಆಚಾರ್ಯರಿಗೆ ಮುನಿಯಾಗಿದ್ದಾಗಲೇ ಭಸ್ಮಕವ್ಯಾಧಿ ಅಂಟಿತು. ಎಷ್ಟು ಉಂಡರೂ ಬೂದಿಯಾಗುವ, ಎಂದಿಗೂ ತೀರದ ಹಸಿವು ಅದು. ಮುನಿಚರ್ಯೆಯಲ್ಲಿ ಅದಕ್ಕೆ ಉಪಶಮನವಿಲ್ಲವೆಂದು ಕಂಡು ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ, ಮೊದಲು ರೋಗವನ್ನು ಶಮನಮಾಡಿಕೊಂಡು ಅನಂತರ ಮತ್ತೆ ದೀಕ್ಷೆಗೆ ಬಾ ಎಂದು ಆಜ್ಞಾಪಿಸಿದರು. ಆಚಾರ್ಯರು ಮುನಿವೇಷವನ್ನು ಬದಿಗಿಟ್ಟು, ರೋಗವನ್ನು ನೀಗಿಕೊಂಡು, ಪುನಃ ದೀಕ್ಷಿತರಾದರು. ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಅವಕಾಶವನ್ನು ಹೇಳುವಾಗ ಪ್ರತೀಕಾರವಿಲ್ಲದ ರೋಗವನ್ನು ಹೇಳಿದ್ದಾರೆಯೇ ಹೊರತು, ಔಷಧವಿರುವ ರೋಗವನ್ನಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವು ಸೇರಿರುವುದಾದರೂ ಏತಕ್ಕೆ? ರತ್ನತ್ರಯ ಸಾಧನೆಗೆ ಈ ಶರೀರವು ಉಪಕರಣವಾದುದರಿಂದಲೇ. ಹೀಗಿರುವಲ್ಲಿ, ಯೋಗ್ಯ ವೈದ್ಯರು ಅವಶ್ಯವೆಂದು ಹೇಳಿದ ಮೇಲೆ ಚಿಕಿತ್ಸೆ ಪಡೆದ ಸಾಧರ್ಮಿಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ.

ಕತ್ತರಿ ಮುಟ್ಟುವುದು ಒಂದನ್ನೇ

ಆದರೆ ಚಿಕಿತ್ಸೆಯಾಯಿತು, ಇನ್ನು ಆಹಾರಜಯವೂ ಆಯಿತು ಎಂದು ತಿಳಿಯುವುದು ಮತ್ತೊಂದು ತಪ್ಪು. ಶ್ರವಣಬೆಳಗೊಳದೊಡನೆಯೂ ಚಾವುಂಡರಾಯನೊಡನೆಯೂ ಹೆಸರು ಬೆಸೆದಿರುವ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಆಹಾರಸಂಜ್ಞೆ ಹುಟ್ಟಲು ನಾಲ್ಕು ಕಾರಣಗಳನ್ನು ಹೇಳುತ್ತಾರೆ. ಆಹಾರವನ್ನು ಕಾಣುವುದು ಒಂದು. ಅದರಲ್ಲಿ ಮನಸ್ಸನ್ನು ತೊಡಗಿಸುವುದು ಎರಡನೆಯದು. ಹೊಟ್ಟೆ ಬರಿದಾಗಿರುವುದು ಮೂರನೆಯದು. ಅಸಾತಾವೇದನೀಯ ಕರ್ಮದ ಉದೀರಣೆ ನಾಲ್ಕನೆಯದು. ಇವುಗಳಲ್ಲಿ ಮೂರನೆಯ ಮೂನ್ನು ಹೊರಗಿನದು ಎನ್ನಬಹುದಾದ ಕೋಷ್ಠವನ್ನಷ್ಟೇ ಶಸ್ತ್ರವೈದ್ಯನ ಕತ್ತರಿ ಮುಟ್ಟಬಲ್ಲುದು. ಹಸಿವನ್ನು ಪ್ರೇರಿಸುವ ಘ್ರೆಲಿನ್ ಎಂಬ ರಸವನ್ನು ಸ್ರವಿಸುವ ಭಾಗವು ಸ್ಲೀವ್ ಚಿಕಿತ್ಸೆಯಲ್ಲಿ ಬಹುಮಟ್ಟಿಗೆ ಹೊರಬೀಳುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ತೋರದೆಂದು ಅನೇಕರು ಹೇಳುತ್ತಾರೆ. ಆದರೆ ಕಾಲ ಸರಿದಂತೆ ಹಸಿವು ಮರಳುತ್ತದೆ. ಕಣ್ಣು ಕಾಣುವ ಹೋಳಿಗೆಯಾಗಲಿ, ಮನಸ್ಸು ನೆನೆಯುವ ಜಿಲೇಬಿಯಾಗಲಿ ಎಲ್ಲಿಗೂ ಹೋಗಿರುವುದಿಲ್ಲ. ಅವುಗಳ ಹಿಂದೆ ಹೋದವರಲ್ಲಿ, ಕಡಿಮೆಯಾದ ಭಾರವು ವರ್ಷಗಳಲ್ಲಿ ಮತ್ತೆ ಏರಿದುದುಂಟು. ಉಳಿದ ಕಾರಣಗಳನ್ನು ಗೆಲ್ಲುವ ಕೆಲಸ ವೈದ್ಯನದಲ್ಲ, ವ್ರತದ್ದು.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸತಕ್ಕದ್ದು. ಸೆರೆಮನೆಯಲ್ಲಿ ಬಂಧಿತನಾದವನು ನಿರ್ವಾಹವಿಲ್ಲದೆ ಹಸಿವು ಬಾಯಾರಿಕೆಗಳನ್ನು ಸಹಿಸುವುದನ್ನು ನಮ್ಮ ಆಚಾರ್ಯರು ಅಕಾಮನಿರ್ಜರೆಯೆಂದು ಕರೆದಿದ್ದಾರೆ. ಅದು ತಪಸ್ಸಲ್ಲ. ಜಠರ ಕಿರಿದಾದುದರಿಂದ ನಾಲ್ಕು ತುತ್ತಿಗೆ ಕೈತೊಳೆಯುವುದೂ ಅಷ್ಟರಿಂದಲೇ ತಪಸ್ಸಾಗದು. ಆದರೆ ಆ ನಾಲ್ಕು ತುತ್ತನ್ನು ಸಂಕಲ್ಪಪೂರ್ವಕವಾಗಿ, ಇಷ್ಟೇ, ಇಂತಹುದೇ, ಈ ಹೊತ್ತಿನಲ್ಲಿಯೇ ಎಂದು ನಿಯಮಿಸಿ, ರಸದ ಆಸೆಯನ್ನು ಹಿಂದೆ ತೆಗೆದು ಸ್ವೀಕರಿಸಿದರೆ ಅದೇ ತುತ್ತು ತಪಸ್ಸಿನ ಅಂಗವಾಗುತ್ತದೆ. ತಟ್ಟೆಯಲ್ಲಿ ವ್ಯತ್ಯಾಸ ಕಾಣದು, ಭಾವದಲ್ಲಿ ಕಾಣುತ್ತದೆ.

ತೆರೆದಿರುವ ಬಾಗಿಲುಗಳು

ತತ್ತ್ವಾರ್ಥಸೂತ್ರದಲ್ಲಿ ಬಾಹ್ಯತಪಸ್ಸು ಆರು ಬಗೆಯದೆಂದು ಹೇಳಲ್ಪಟ್ಟಿದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಈ ಆರರಲ್ಲಿ ಮೊದಲನೆಯದಾದ ಅನಶನವೊಂದನ್ನೇ ನಾವು ವ್ರತವೆಂದು ಭಾವಿಸಿ ಬಿಟ್ಟಿದ್ದೇವೆ. ಶಸ್ತ್ರಚಿಕಿತ್ಸೆಯಾದವರಿಗೆ ಮುಚ್ಚಿರುವುದು ಆ ಬಾಗಿಲು ಮಾತ್ರ. ಎರಡನೆಯದಾದ ಅವಮೌದರ್ಯ, ಅಂದರೆ ಊನೋದರ, ಅವರಿಗಾಗಿಯೇ ತೆರೆದಿರುವಂತಿದೆ. ಪುರುಷನ ಪೂರ್ಣಾಹಾರ 32 ಗ್ರಾಸ, ಸ್ತ್ರೀಯದು 28 ಗ್ರಾಸ ಎಂದೆಣಿಸಿ, ಅದರಿಂದ ಒಂದೊಂದೇ ತುತ್ತನ್ನು ಕಡಿಮೆಮಾಡುತ್ತ ಬರುವುದನ್ನು ನಮ್ಮ ಪರಂಪರೆ ತಪಸ್ಸಿನ ಸಾಲಿನಲ್ಲಿಯೇ ಇಟ್ಟಿದೆ. ಅನಶನಕ್ಕಿಂತ ಕೀಳೆಂದು ಇಟ್ಟಿಲ್ಲ. ಬಡಿಸಿದ ಎಲೆಯ ಮುಂದೆ ಕುಳಿತು, ಕೈ ಬಾಯಿಗಳು ಕೆಲಸದಲ್ಲಿರುವಾಗಲೇ ಸಾಕೆಂದು ನಿಲ್ಲಿಸುವುದು ಎಷ್ಟು ಕಠಿನವೆಂಬುದನ್ನು ಮಾಡಿ ನೋಡಿದವರೇ ಬಲ್ಲರು.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ 'ಶಕ್ತಿಯನ್ನನುಸರಿಸಿ' ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಟ್ಟುಕೊಂಡು ತಪಸ್ಸಿನಿಂದ ನುಣುಚಿಕೊಳ್ಳಬಾರದು, ಶಕ್ತಿಯನ್ನು ಮೀರಿಯೂ ಮಾಡಬಾರದು ಎಂಬ ಎರಡು ಬೇಲಿಗಳು ಆ ಒಂದು ಪದದಲ್ಲಿವೆ. ನಾನು ಆ ಶ್ರಾವಿಕೆಗೆ ಹೇಳಿದ ಮಾತು ಎರಡನೆಯ ಬೇಲಿಯನ್ನು ದಾಟಿತ್ತು.

ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಚಿಕಿತ್ಸೆಯು ನಿಶ್ಚಯವಾದೊಡನೆ ಆಜೀವನ ಏಕಭುಕ್ತ, ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ ಮೊದಲಾದ ವ್ರತಗಳನ್ನು ಹಿಡಿದಿರುವವರು ಗುರುಗಳ ಬಳಿಗೆ ಹೋಗಿ ಎಲ್ಲವನ್ನೂ ನಿವೇದಿಸಿ, ಅವರು ಹೇಳಿದ ಮಾರ್ಪಾಟನ್ನೂ ಪ್ರಾಯಶ್ಚಿತ್ತವನ್ನೂ ಸ್ವೀಕರಿಸತಕ್ಕದ್ದು. ಚಿಕಿತ್ಸೆಯಾದ ಮೇಲೆ ವ್ರತಭಂಗದ ಭಯದಿಂದ ಗುಟ್ಟಾಗಿ ಉಪವಾಸ ಮಾಡುವುದು ಎಲ್ಲಕ್ಕಿಂತ ಅಪಾಯಕರ.

ಎರಡನೆಯದಾಗಿ, ಅನೇಕ ವೈದ್ಯರು ಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲೇ ಪಿಷ್ಟ ಸಕ್ಕರೆಗಳು ಕಡಿಮೆಯಿರುವ ಅಲ್ಪಾಹಾರವನ್ನು ವಿಧಿಸುತ್ತಾರೆ. ಯಕೃತ್ತು ಕುಗ್ಗಿ ಶಸ್ತ್ರವೈದ್ಯನಿಗೆ ದಾರಿ ಸುಲಭವಾಗಲೆಂಬುದು ಅದರ ಉದ್ದೇಶ. ಈ ಎರಡು ವಾರಗಳನ್ನು ಅಭ್ಯಾಸಕಾಲವೆಂದು ತಿಳಿಯಬೇಕು. ತುತ್ತನ್ನು ಚಿಕ್ಕದಾಗಿಸುವುದು, ನುಣ್ಣಗಾಗುವವರೆಗೆ ಅಗಿಯುವುದು, ಊಟದ ನಡುವೆ ನೀರು ಕುಡಿಯದಿರುವುದು, ಮಾತನ್ನು ಬಿಟ್ಟು ಮೌನದಿಂದ ಉಣ್ಣುವುದು ಇವನ್ನು ಆಗಲೇ ರೂಢಿಸಿಕೊಳ್ಳಬೇಕು. ಭೋಜನಕಾಲದ ಮೌನವು ನಮಗೆ ಹೊಸದಲ್ಲ.

ಮೂರನೆಯದಾಗಿ, ಔಷಧಗಳ ವಿಚಾರ. ಚಿಕಿತ್ಸೆಯಾದವರು ವಿಟಮಿನ್ ಮತ್ತು ಲವಣಗಳ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಲೇಬೇಕು. ಮೆದು ಗುಳಿಗೆಗಳ ಹೊದಿಕೆ ಬಹುತೇಕ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಾಟಿನ್ ಆಗಿರುತ್ತದೆ. ವಿಟಮಿನ್ ಡಿ-3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ, ಕಲ್ಲುಹೂವಿನ ಜಾತಿಯ ಸಸ್ಯಮೂಲದಿಂದ ತಯಾರಾದುದೂ ದೊರೆಯುತ್ತದೆ. ಪ್ರೋಟೀನ್ ಪುಡಿಗಳಲ್ಲಿ ಕೆಲವು ಮೊಟ್ಟೆಯಿಂದಲೂ ಮೀನಿನಿಂದಲೂ ಆದವು. ಹಾಲಿನಿಂದಾದುದರಲ್ಲಿಯೂ ಹಾಲೊಡೆಯಲು ಏನನ್ನು ಬಳಸಿದ್ದಾರೆಂದು ವಿಚಾರಿಸಬೇಕು. ಇವೆಲ್ಲವನ್ನೂ ಚಿಕಿತ್ಸೆಗೆ ಮುನ್ನವೇ ವೈದ್ಯರೊಡನೆ ಮಾತನಾಡಿ, ಸಸ್ಯಮೂಲದ ಹೊದಿಕೆಯುಳ್ಳ ಅಥವಾ ಅಗಿಯುವ ಮಾತ್ರೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಮದ್ಯ ಮಾಂಸ ಮಧುಗಳ ಸೋಂಕಿಲ್ಲದೆ ಚಿಕಿತ್ಸೆ ಸಾಧ್ಯವೆಂಬುದನ್ನು ಉಗ್ರಾದಿತ್ಯಾಚಾರ್ಯರು 9ನೆಯ ಶತಮಾನದಲ್ಲಿಯೇ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ ತೋರಿಸಿದ್ದಾರೆ. ಕೇಳಿ ಪಡೆಯುವ ಸಂಕೋಚವನ್ನು ನಾವು ಬಿಡಬೇಕಷ್ಟೆ. ಆದರೆ ಮಾತ್ರೆ ಶುದ್ಧವಲ್ಲವೆಂದು ಅದನ್ನು ಸದ್ದಿಲ್ಲದೆ ನಿಲ್ಲಿಸುವುದು ಸಲ್ಲದು. ಬದಲಿಯನ್ನು ಕೇಳಬೇಕು.

ಚಿಕಿತ್ಸೆಯ ತರುವಾಯದ ಆಹಾರ

ಮೊದಲ ಒಂದೆರಡು ವಾರ ದ್ರವಾಹಾರ ಮಾತ್ರ. ಸೋಸಿದ ಬೇಳೆಯ ಕಟ್ಟು, ಕೆನೆ ತೆಗೆದ ಹಾಲು, ತಿಳಿಮಜ್ಜಿಗೆ. ಅನಂತರ ಎರಡು ಮೂರು ವಾರ ನುಣ್ಣಗೆ ಅರೆದ ಆಹಾರ, ಅದರ ಮೇಲೆ ಮೆತ್ತನೆಯದು, ಸುಮಾರು ಎರಡು ತಿಂಗಳಾಗುವ ಹೊತ್ತಿಗೆ ಸಾಮಾನ್ಯ ಆಹಾರ. ಈ ಅವಧಿಗಳನ್ನು ಆಯಾ ವೈದ್ಯರು ನಿರ್ಧರಿಸುತ್ತಾರೆ. ಅವನ್ನು ನಾವಾಗಿ ಮೊಟಕುಗೊಳಿಸಬಾರದು.

ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಅದು ಸಾಲದೆಹೋದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ 100 ಗ್ರಾಂ ಒಣಬೇಳೆಯಲ್ಲಿ ಸುಮಾರು 24 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, 100 ಗ್ರಾಂ ಸೋಯಾ ಉಂಡೆಗಳಲ್ಲಿ 50 ಗ್ರಾಂಗೂ ಮಿಕ್ಕು, 200 ಮಿಲಿಲೀಟರ್ ಹಾಲಿನಲ್ಲಿ ಆರೂವರೆ ಗ್ರಾಂ ಪ್ರೋಟೀನ್ ಇದೆ. ಅನ್ನದಿಂದಾಗಲಿ ಗಂಜಿಯಿಂದಾಗಲಿ ಈ ಮೊತ್ತ ತುಂಬದು. ಆದುದರಿಂದ ತಟ್ಟೆಯಲ್ಲಿ ಮೊದಲು ಬೇಳೆ ಅಥವಾ ಪನೀರು, ಆಮೇಲೆ ಪಲ್ಯ, ಜಾಗವುಳಿದರೆ ಅನ್ನ ಎಂಬ ಕ್ರಮವನ್ನಿಟ್ಟುಕೊಳ್ಳಬೇಕು. ಮೊಸರು ಮಜ್ಜಿಗೆಗಳೊಡನೆ ದ್ವಿದಳ ಧಾನ್ಯವನ್ನು ಬೆರೆಸಬಾರದೆಂಬ ನಮ್ಮ ನಿಯಮಕ್ಕೂ ಇದರಿಂದ ಅಡ್ಡಿಯಿಲ್ಲ. ಊಟಗಳು ಹೇಗೂ ಐದಾರು ಭಾಗವಾಗಿರುವುದರಿಂದ ಬೇಳೆಯ ಹೊತ್ತೇ ಬೇರೆ, ಮೊಸರಿನ ಹೊತ್ತೇ ಬೇರೆ ಎಂದು ವಿಂಗಡಿಸಿದರಾಯಿತು.

ಸಿಹಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ, ಹಣ್ಣಿನ ರಸಗಳನ್ನು ಸೇವಿಸಿದರೆ ಸಕ್ಕರೆಯು ಒಮ್ಮೆಗೇ ಕರುಳಿಗೆ ಧುಮುಕಿ ಬೆವರು, ಎದೆಬಡಿತ, ಹೊಟ್ಟೆನೋವು, ಭೇದಿಗಳು ತೋರುತ್ತವೆ. ರಸಪರಿತ್ಯಾಗದಲ್ಲಿ ಸಿಹಿಯನ್ನು ಬಿಡುವ ನಿಯಮವು ಇಲ್ಲಿ ಶರೀರಕ್ಕೂ ಆತ್ಮಕ್ಕೂ ಒಂದೇ ಔಷಧವಾಗುತ್ತದೆ. ಆದರೆ ರಸತ್ಯಾಗದ ಹೆಸರಿನಲ್ಲಿ ಹಾಲು ಮೊಸರುಗಳನ್ನು ಇವರು ಬಿಡಬಾರದು. ಇವರ ಪ್ರೋಟೀನಿನ ದೊಡ್ಡ ಪಾಲು ಅಲ್ಲಿಯೇ ಇದೆ.

ಇನ್ನು ನೀರು. ದಿನಕ್ಕೆ ಕಡೆಯ ಪಕ್ಷ ಒಂದೂವರೆ ಲೀಟರು ದ್ರವ ಬೇಕು. ಆದರೆ ಊಟದೊಡನೆ ಕುಡಿಯಕೂಡದು, ಊಟವಾದ ಅರ್ಧ ಗಂಟೆಯವರೆಗೂ ಕುಡಿಯಕೂಡದು. ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆ ಬಾಯಿಗೆ ನೀರು ಬಿಟ್ಟು, ಸೂರ್ಯಾಸ್ತಕ್ಕೆ ಮುನ್ನ ಮುಗಿಸುವ ಶ್ರಾವಕನಿಗೆ ಸುಮಾರು ಹನ್ನೊಂದು ಗಂಟೆಗಳ ಕಾಲ ಸಿಗುತ್ತದೆ. ಐದು ಊಟಗಳಿಗೂ ಅವುಗಳ ಅನಂತರದ ಬಿಡುವಿಗೂ ಐದು ಗಂಟೆ ಹೋದರೆ ಉಳಿಯುವುದು ಆರು ಗಂಟೆ. ಅಂದರೆ ಗಂಟೆಗೆ 250 ಮಿಲಿಲೀಟರ್. ಅದನ್ನೂ ಒಮ್ಮೆಗೆ ಕುಡಿಯಲಾಗದು, ಗುಟುಕು ಗುಟುಕಾಗಿ ಕುಡಿಯಬೇಕು. ಕಾಯಿಸಿದ ಪ್ರಾಸುಕ ನೀರಿನ ಪಾತ್ರೆಯೊಂದು ಸದಾ ಬಳಿಯಲ್ಲಿರಬೇಕು. ಈ ಲೆಕ್ಕವನ್ನು ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ರಾತ್ರಿಭೋಜನತ್ಯಾಗವನ್ನು ಇವರು ಪಾಲಿಸಬಹುದು, ಆದರೆ ಹಗಲಿನ ಒಂದು ಗಂಟೆಯನ್ನೂ ವ್ಯರ್ಥಮಾಡದಿದ್ದರೆ ಮಾತ್ರ. ನೀರಿಲ್ಲದ ಉಪವಾಸವನ್ನೂ ಏಕಭುಕ್ತವನ್ನೂ ಇವರು ಪಾಲಿಸಲಾಗದು. ಬಿಟ್ಟ ನೀರನ್ನು ಸೇರಿಸಿಕೊಳ್ಳಲು ಮರುದಿನದಲ್ಲಿ ಸ್ಥಳವೇ ಇಲ್ಲ. ಮೊದಲ ತಿಂಗಳುಗಳಲ್ಲಿ ಹಗಲು ಸಾಲದೆಹೋದರೆ, ಔಷಧ ಮತ್ತು ನೀರಿನ ಮಟ್ಟಿಗೆ ರಾತ್ರಿಯ ಬಿಡುಗಡೆಯನ್ನಿಟ್ಟುಕೊಂಡು ವ್ರತವನ್ನು ಹಿಡಿಯಬೇಕು. ರೋಗಕಾಲದಲ್ಲಿ ಗೃಹಸ್ಥರು ಹೀಗೆ ಹಿಡಿಯುವ ರೂಢಿ ನಮ್ಮಲ್ಲಿದೆ.

ಮಾತ್ರೆಗಳಲ್ಲಿ ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಆಗುವಂತೆ ಎರಡು ಮೂರು ಸಲ ಹಂಚಿಕೊಡುತ್ತಾರೆ. ಅದನ್ನು ಕಬ್ಬಿಣದ ಮಾತ್ರೆಯೊಡನೆ ನುಂಗಬಾರದು, ಎರಡು ಗಂಟೆಯ ಅಂತರ ಬೇಕು. ಎಲ್ಲವನ್ನೂ ಹಗಲಿಗೆ ಹೊಂದಿಸಿಕೊಡಿರೆಂದು ವೈದ್ಯರನ್ನು ಕೇಳಿದರೆ ಹೊಂದಿಸಿಕೊಡುತ್ತಾರೆ. ಶಾಕಾಹಾರಿಗಳಾದ ನಮ್ಮಲ್ಲಿ ಮೊದಲೇ ಕಡಿಮೆಯಿರುವ ಬಿ-12, ಈ ಚಿಕಿತ್ಸೆಯ ನಂತರ ಇನ್ನೂ ಇಳಿಯುತ್ತದೆ. ನಿರ್ಲಕ್ಷಿಸಿದರೆ ರಕ್ತಹೀನತೆಯೂ ಕೈಕಾಲು ಜೋಮು ಹಿಡಿಯುವ ನರದೋಷವೂ ಬರುತ್ತವೆ. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪಬಾರದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗಬಾರದು, ಅವುಗಳಲ್ಲಿ ಹಲವು ಜಠರದಲ್ಲಿ ಹುಣ್ಣನ್ನು ಮಾಡುತ್ತವೆ. ತರುಣಿಯರು ಚಿಕಿತ್ಸೆಯಾದ 12ರಿಂದ 18 ತಿಂಗಳವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕೆಂದು ವೈದ್ಯರು ಹೇಳುತ್ತಾರೆ. ಮೂರನೆಯ ತಿಂಗಳಿನಿಂದ ಕೂದಲುದುರುವುದುಂಟು, ಪೋಷಣೆ ಸರಿಯಿದ್ದರೆ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರೂ ನೆನಪಿಡಬೇಕು. ವಾಂತಿಯು ದಿನಗಟ್ಟಲೆ ನಿಲ್ಲದಿದ್ದರೆ ಮನೆಮದ್ದಿನಲ್ಲಿ ಕಾಲಹರಣ ಮಾಡಬಾರದು. ಥಯಮಿನ್ ಎಂಬ ವಿಟಮಿನ್ನಿನ ಸಂಗ್ರಹವು ಶರೀರದಲ್ಲಿ ಕೆಲವೇ ವಾರಗಳಿಗೆ ಸಾಕಾಗುವಷ್ಟು ಮಾತ್ರ. ಅದು ಬರಿದಾದರೆ ದೃಷ್ಟಿ ತಡವರಿಸಿ, ನಡಿಗೆ ತಪ್ಪಿ, ಬುದ್ಧಿಭ್ರಮೆಯಾಗಿ ಮಿದುಳಿಗೆ ತೀರದ ಹಾನಿಯಾಗಬಹುದು. ಆ ಶ್ರಾವಿಕೆಯನ್ನು ನಾಲ್ಕನೆಯ ದಿನ ಕರೆದೊಯ್ದೆವಲ್ಲ, ಅದು ಮೊದಲ ದಿನವೇ ಆಗಬೇಕಾಗಿತ್ತು.

ಪರ್ವಕಾಲದ ವ್ರತ

ಹಾಗಾದರೆ ಭಾದ್ರಪದದಲ್ಲಿ ಇವರು ಏನು ಮಾಡಬೇಕು? ದಿನದ ಪ್ರಮಾಣವನ್ನು ವೈದ್ಯರು ಹೇಳಿದಂತೆ ಉಳಿಸಿಕೊಂಡು, ಅದರೊಳಗೆ ನಿಯಮ ಮಾಡಬೇಕು. ಇಂದು ಇಷ್ಟೇ ಪದಾರ್ಥಗಳನ್ನು ಸ್ವೀಕರಿಸುತ್ತೇನೆ, ಇಂತಹ ಸ್ಥಳದಲ್ಲಿ ಕುಳಿತು ಮಾತ್ರ ಉಣ್ಣುತ್ತೇನೆ ಎಂಬ ಗೃಹಸ್ಥೋಚಿತ ವೃತ್ತಿಪರಿಸಂಖ್ಯಾನವಿದೆ. ಸಿಹಿಯನ್ನೂ ಕರಿದುದನ್ನೂ ಹತ್ತು ದಿನ ಬಿಡುವ ರಸತ್ಯಾಗವಿದೆ. ಐದು ಹೊತ್ತಿನ ಹೊರತು ನಡುವೆ ಒಂದು ಕಾಳನ್ನೂ ಬಾಯಿಗೆ ಹಾಕದ ನಿಯಮವಿದೆ. ಇದು ಕೇಳಲು ಚಿಕ್ಕದು, ಆದರೆ ಚಿಕಿತ್ಸೆಯಾದವರ ಭಾರ ಮತ್ತೆ ಏರುವ ದಾರಿಯೇ ಆ ನಡುವಿನ ಬಾಯಾಡಿಕೆ. ಇವಲ್ಲದೆ ಸ್ವಾಧ್ಯಾಯ, ವಿನಯ, ವೈಯಾವೃತ್ಯ, ಧ್ಯಾನಾದಿ ಅಂತರಂಗ ತಪಸ್ಸುಗಳಿವೆ. ಅವುಗಳಿಗೆ ಜಠರದ ಅಳತೆ ಬೇಕಾಗಿಲ್ಲ.

ಮನೆಯವರ ಕರ್ತವ್ಯವೂ ಇದೆ. "ಒಂದು ಹೋಳಿಗೆಯಿಂದ ಏನಾಗುತ್ತದೆ" ಎಂದು ಒತ್ತಾಯಿಸುವುದೂ, "ಒಂದು ಉಪವಾಸದಿಂದ ಏನಾಗುತ್ತದೆ" ಎಂದು ಹುರಿದುಂಬಿಸುವುದೂ ಒಂದೇ ಬಗೆಯ ಅವಿವೇಕ. ಇವರ ಎಲೆಯಲ್ಲಿ ಉಳಿದುದನ್ನು ನೋಡಿ ಹಾಸ್ಯಮಾಡಬಾರದು. ಮೊದಲೇ ಕಡಿಮೆ ಬಡಿಸಬೇಕು. ಊಟಕ್ಕೆ ಅರ್ಧ ಗಂಟೆ ಹಿಡಿದರೆ ಅವಸರಪಡಿಸಬಾರದು. ರೋಗಿಯಾದ ಸಾಧರ್ಮಿಯ ಸೇವೆಯನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿರುವಾಗ, ಬೇಳೆಯನ್ನು ನುಣ್ಣಗೆ ಅರೆದು ಬಿಸಿಯಾಗಿ ಹೊತ್ತಿಗೆ ಸರಿಯಾಗಿ ತಂದಿಡುವ ಸೊಸೆಯ ಕೈಕೆಲಸವೂ ಪರ್ವದ ಆರಾಧನೆಯೇ ಆಗಿದೆ. ಬಸದಿಗಳಲ್ಲಿ ಉಪವಾಸಿಗಳನ್ನು ಸನ್ಮಾನಿಸುವಾಗ, ಅನಾರೋಗ್ಯದಿಂದ ಊನೋದರ ಹಿಡಿದವರನ್ನೂ ಒಂದು ಮಾತಿನಲ್ಲಿ ನೆನೆಯುವ ಪದ್ಧತಿ ಬಂದರೆ ಎಷ್ಟೋ ಗುಪ್ತ ದುಸ್ಸಾಹಸಗಳು ತಪ್ಪುತ್ತವೆ.

ಆ ಶ್ರಾವಿಕೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಮರುವರ್ಷದ ಭಾದ್ರಪದದಲ್ಲಿ ನಾನೇ ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆ. ಆಕೆ ಕ್ಷಮಿಸಿ, ತಮ್ಮ ನಿಯಮವನ್ನು ತಿಳಿಸಿದರು. ಹತ್ತು ದಿನ ಸಿಹಿಯಿಲ್ಲ, ಮೌನಭೋಜನ, ದಿನಕ್ಕೆ ನಾಲ್ಕೇ ಪದಾರ್ಥ, ಪ್ರತಿ ಊಟದ ಮೊದಲು ಒಂಬತ್ತು ಸಲ ಣಮೋಕಾರ. "ಮೊದಲು ಉಪವಾಸದ ದಿನ ನನಗೆ ಮರುದಿನದ ಪಾರಣೆಯ ಅಡಿಗೆಯೇ ನೆನಪಾಗುತ್ತಿತ್ತು. ಈಗ ತುತ್ತನ್ನು ಎಣಿಸುವಾಗ ಮನಸ್ಸು ತುತ್ತಿನಲ್ಲಿಯೇ ನಿಲ್ಲುತ್ತದೆ" ಎಂದರು. ನಾನು ಮಾತನಾಡಲಿಲ್ಲ.

ಅನಶನ ಮಾಡಬಲ್ಲವರು ಮಾಡಲಿ, ಅದು ಅವರ ಶಕ್ತಿ. ಮಾಡಲಾಗದವರು ತಮ್ಮ ತಟ್ಟೆಯ ಮುಂದೆಯೇ ತಪಸ್ಸನ್ನು ಕಂಡುಕೊಳ್ಳಲಿ. ಇಬ್ಬರಿಗೂ ಜಿನಮಂದಿರದಲ್ಲಿ ಒಂದೇ ಸಾಲಿನಲ್ಲಿ ಸ್ಥಳವಿರಲಿ.

ಎಲ್ಲರಿಗೂ ಸದ್ಧರ್ಮವೃದ್ಧಿಯಾಗಲಿ.